ತಾಯಿನುಡಿಯಲ್ಲಿ ಸಮ್ಮತಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾರ್ಥಿಗಳಿಗೆ ಸಕ್ಕರೆಯ ವಿಷಯ ಹೊಸತಲ್ಲ. ಆದರೆ ನಮ್ಮ ಜೀವಕೋಶಗಳ ಡಿ.ಎನ್.ಎ.ಯಲ್ಲಿಯೂ ಒಂದು ಬಗೆಯ ಸಕ್ಕರೆ ಉಂಟೆಂಬುದನ್ನು ಎಷ್ಟು ಮಂದಿ ಬಲ್ಲರು? 1980ರ ದಶಕದ ಮೊದಲಲ್ಲಿ ಅಮೆರಿಕದ ಎಲಿ ಲಿಲ್ಲಿ ಸಂಸ್ಥೆಯ ರಸಾಯನವಿಜ್ಞಾನಿ ಲ್ಯಾರಿ ಹರ್ಟೆಲ್ ಈ ಸಕ್ಕರೆಯ ಎರಡು ಜಲಜನಕ ಪರಮಾಣುಗಳ ಸ್ಥಾನದಲ್ಲಿ ಎರಡು ಫ್ಲೋರಿನ್ ಪರಮಾಣುಗಳುಳ್ಳ ವಸ್ತುವೊಂದನ್ನು ತಯಾರಿಸಿದರು. ವೈರಸ್‌ಗಳನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಪರೀಕ್ಷಿಸಿದಾಗ ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಕಂಡುಬಂದಿತು. ಜೆಮ್‌ಸಿಟಬೀನ್ ಎಂಬ ಔಷಧ ಇದೇ.

ಕೋಶವು ಇಬ್ಭಾಗವಾಗುವ ಮುನ್ನ ಡಿ.ಎನ್.ಎ.ಯ ಪ್ರತಿಯನ್ನು ಸಿದ್ಧಪಡಿಸಬೇಕಷ್ಟೆ. ಆಗ ಈ ಹುಸಿ ಘಟಕವು ನಿಜವಾದ ಘಟಕದ ಜಾಗದಲ್ಲಿ ಸೇರಿಕೊಂಡು ಸರಪಣಿಯ ಬೆಳವಣಿಗೆಯನ್ನು ನಿಲ್ಲಿಸಿಬಿಡುತ್ತದೆ. ಆರೋಗ್ಯವಂತ ಕೋಶಗಳಿಗೂ ಪೆಟ್ಟು ತಪ್ಪದು; ರಕ್ತಕಣಗಳು ಕಡಮೆಯಾಗುವುದು ಇದರಿಂದಲೇ.

ಅಂಡಾಶಯದ ಕ್ಯಾನ್ಸರ್ ಮರುಕಳಿಸಿದ 356 ಮಹಿಳೆಯರಲ್ಲಿ ನಡೆದ ಪರೀಕ್ಷೆಯೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕಾರ್ಬೋಪ್ಲಾಟಿನ್ ಒಂದನ್ನೇ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿ ಸುಮಾರು 5.8 ತಿಂಗಳು, ಜೆಮ್‌ಸಿಟಬೀನನ್ನೂ ಪಡೆದವರಲ್ಲಿ 8.6 ತಿಂಗಳು. ಒಟ್ಟು ಆಯುಸ್ಸಿನಲ್ಲಿ ಮಾತ್ರ ಗಣನೀಯವಾದ ಅಂತರ ಕಾಣಲಿಲ್ಲ. ಅದೇ ವರ್ಷ ಅಮೆರಿಕದ ಸರಕಾರ ಈ ಜೋಡಿಗೆ ಒಪ್ಪಿಗೆಯಿತ್ತಿತು.

ಇದರಿಂದ ನಾವು ಕಲಿಯಬೇಕಾದುದು ಎರಡು. ಗಾಜಿನ ತಟ್ಟೆಯಲ್ಲಿ ಕೋಶಗಳು ಸತ್ತೊಡನೆ ‘ಮದ್ದು ಸಿಕ್ಕಿತು’ ಎಂದು ಸಾರುವುದು ಅವಿವೇಕ. ತಟ್ಟೆಯಿಂದ ರೋಗಿಯವರೆಗಿನ ದಾರಿ ಬಹು ದೀರ್ಘವಾದುದು; ಅದರ ಕೊನೆಯಲ್ಲಿ ದೊರೆಯುವುದು ಕೆಲವೊಮ್ಮೆ ಮೂರು ತಿಂಗಳು ಮಾತ್ರ. ಆ ಮೂರು ತಿಂಗಳ ಬೆಲೆಯನ್ನು ಮಾತ್ರ ಅಲ್ಲಗಳೆಯಲಾಗದು.

ಎರಡನೆಯದು ಹೆಚ್ಚು ಮುಖ್ಯ. ಒಪ್ಪಿ ಮುಂದೆ ಬಂದ ರೋಗಿಗಳಿಲ್ಲದೆ ಇಂತಹ ಜ್ಞಾನ ದೊರೆಯದು. ಹೊಸ ಔಷಧಗಳ ಪರೀಕ್ಷೆಗೆ ಕರೆ ಬಂದಾಗ, ಮಳವಳ್ಳಿಯ ಹಳ್ಳಿಯಿಂದ ಬೆಂಗಳೂರಿಗೆ ಚಿಕಿತ್ಸೆಗೆ ಹೋದ ತಾಯಿ ಯಾವುದಕ್ಕೆ ಹೆಬ್ಬೆಟ್ಟು ಒತ್ತುತ್ತಿರುವೆನೆಂದು ತಿಳಿದಿರಬೇಡವೆ? ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕೆಂದು ಭಾರತದ 2019ರ ನಿಯಮಗಳು ವಿಧಿಸಿವೆ. ಕಾಯಿದೆ ಇದ್ದರೆ ಸಾಲದು. ಲಾಭ, ಅಪಾಯ, ಅನಿಶ್ಚಯ ಮೂರನ್ನೂ ತಿಳಿಗನ್ನಡದಲ್ಲಿ ಹೇಳಬಲ್ಲ ವೈದ್ಯರು ಬೇಕು. ಮಾತು ಮುಚ್ಚಿಟ್ಟು ಪಡೆದ ಸಹಿ ಸಮ್ಮತಿಯಲ್ಲ.

ಆ ವೈದ್ಯರು ಇಂದು ಶಾಲೆ ಕಾಲೇಜುಗಳ ಬೆಂಚಿನ ಮೇಲೆ ಕುಳಿತಿದ್ದಾರೆ. ವಿಜ್ಞಾನವನ್ನು ಯಾವ ಭಾಷೆಯಲ್ಲಾದರೂ ಕಲಿಯಿರಿ. ಆದರೆ ಅದನ್ನು ನಿಮ್ಮ ಅಜ್ಜಿಗೆ ತಿಳಿಯುವಂತೆ ಹೇಳಲು ಈಗಿನಿಂದಲೇ ಅಭ್ಯಾಸ ಮಾಡಿರೆಂದು ನಾವು ಕೋರುತ್ತೇವೆ.