ಹಸಿರು ದೀಪ ಯಾರ ಆಸ್ತಿ?

ಬೆಂಗಳೂರಿನ ಸಿಗ್ನಲ್ ದೀಪಗಳಿಗೆ ಬುದ್ಧಿ ಬಂದಿದೆಯಂತೆ. 2024ರ ಮೇ ತಿಂಗಳಲ್ಲಿ ಹಡ್ಸನ್ ವೃತ್ತದಲ್ಲಿ, ಅಂದರೆ ಪಾಲಿಕೆಯ ಹಳೆಯ ಕಚೇರಿಯ ಕೂಗಳತೆಯಲ್ಲಿ, ಇದರ ಪ್ರಾರಂಭವಾಯಿತು. ಅಲ್ಲಿಂದ ನಗರದ 165 ಚೌಕಗಳಿಗೆ ಹಬ್ಬಿಸುವುದಾಗಿ ಸಾರಲಾಯಿತು. ಕಂಬದ ಮೇಲೆ ಕೂತ ಕ್ಯಾಮೆರಾ ಯಾವ ದಿಕ್ಕಿನಲ್ಲಿ ವಾಹನಗಳ ಸಾಲು ಎಷ್ಟು ಉದ್ದವಿದೆ ಎಂದು ನೋಡುತ್ತದೆ. ಸಾಲು ಉದ್ದವಿದ್ದ ಕಡೆಗೆ ಹಸಿರು ದೀಪ ಹೆಚ್ಚು ಹೊತ್ತು ಉರಿಯುತ್ತದೆ, ಸಾಲಿಲ್ಲದ ಕಡೆಗೆ ಬೇಗ ಆರುತ್ತದೆ. ಯಾರೂ ಇಲ್ಲದ ರಸ್ತೆಗೆ ಗಡಿಯಾರದ ಲೆಕ್ಕದಲ್ಲಿ ಒಂದೂವರೆ ನಿಮಿಷ ಹಸಿರು ಕೊಟ್ಟು, ತುಂಬಿ ತುಳುಕುವ ರಸ್ತೆಯನ್ನು ಕೆಂಪಿನಲ್ಲಿ ಕೊಳೆಸುವ ಹಳೆಯ ದೀಪಕ್ಕಿಂತ ಇದು ಮೇಲು. ಈ ತಂತ್ರವನ್ನು ರೂಪಿಸಿದ್ದು ಸಿ-ಡ್ಯಾಕ್ ಎಂಬ ನಮ್ಮ ಕೇಂದ್ರ ಸರ್ಕಾರದ್ದೇ ಸಂಸ್ಥೆ. ಅಷ್ಟರ ಮಟ್ಟಿಗೆ ನಮಗೂ ಸಂತೋಷವೇ.

ನಮ್ಮ ಓದುಗರು ಕೇಳಬಹುದು: ಬೆಂಗಳೂರಿನ ದೀಪದಿಂದ ದಾವಣಗೆರೆಯ ಗಿರಣಿ ಕೆಲಸದವನಿಗೆ, ಮಂಡಿಪೇಟೆಯ ಸಣ್ಣ ಅಂಗಡಿಯವನಿಗೆ ಏನಾಗಬೇಕು? ಬಹಳ ಆಗಬೇಕು. ಇಲ್ಲಿಯ ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ನಮ್ಮ ಎಷ್ಟು ಮನೆಗಳ ಮಕ್ಕಳು ಪೀಣ್ಯದ, ಬೊಮ್ಮನಹಳ್ಳಿಯ, ಮೈಸೂರು ರಸ್ತೆಯ ಗಾರ್ಮೆಂಟ್ಸುಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ ಎಂದು ಯಾವ ಓಣಿಯಲ್ಲಿ ಕೇಳಿದರೂ ಹೇಳುತ್ತಾರೆ. ಇನ್ನು ವ್ಯಾಪಾರಿಗಳು: ರಾತ್ರಿ ಬಸ್ಸಿಗೆ ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿದು, ಚಿಕ್ಕಪೇಟೆಯಲ್ಲಿ ಬಟ್ಟೆ, ಎಸ್.ಪಿ. ರಸ್ತೆಯಲ್ಲಿ ಕರೆಂಟಿನ ಸಾಮಾನು ಕಟ್ಟಿಸಿಕೊಂಡು, ಗಂಟು ಹೊತ್ತು ರಸ್ತೆ ದಾಟಿ ಬರುವವರು ಇವರೇ. ಕಾರಿನಲ್ಲಿ ಹೋಗಿ ಸರಕು ತರುವವನು ಈ ಪತ್ರಿಕೆಯ ಚಂದಾದಾರನಾಗಿರುವುದು ಕಡಿಮೆ. ಎಲ್ಲಕ್ಕಿಂತ ಮುಖ್ಯ, ಬೆಂಗಳೂರಿನಲ್ಲಿ ಇಂದು ನಡೆದದ್ದು ನಾಳೆ ಅದೇ ಟೆಂಡರಿನ ನಕಲಿನಲ್ಲಿ ಜಿಲ್ಲೆಗೆ ಬರುತ್ತದೆ. ಗಾಂಧಿ ಸರ್ಕಲ್ಲಿನ ದೀಪಕ್ಕೂ ಬುದ್ಧಿ ಬರುವ ದಿನ ದೂರವಿಲ್ಲ. ಬಂದ ಮೇಲೆ ಬೊಬ್ಬೆ ಹೊಡೆಯುವುದಕ್ಕಿಂತ, ಆ ಬುದ್ಧಿ ಎಂಥದ್ದೆಂದು ಈಗಲೇ ವಿಚಾರಿಸುವುದು ಲೇಸು.

ಗಿರಣಿಯ ಜನಕ್ಕೆ ಇದನ್ನು ಅರ್ಥಮಾಡಿಸುವುದು ಸುಲಭ. ಹೊಸ ಮಗ್ಗ ಬಂದಾಗ ಯಜಮಾನ ಏನು ಹೇಳಿದ? ದುಡಿಮೆ ಹಗುರವಾಗುತ್ತದೆ, ಹೊತ್ತು ಉಳಿಯುತ್ತದೆ ಎಂದ. ಹೊತ್ತು ಉಳಿದದ್ದು ನಿಜ. ಆದರೆ ಉಳಿದ ಹೊತ್ತು ಯಾರ ಜೇಬಿಗೆ ಹೋಯಿತು? ಎರಡು ಮಗ್ಗ ನೋಡುತ್ತಿದ್ದವನ ಪಾಲಿಗೆ ನಾಲ್ಕು ಬಂತು; ಪಕ್ಕದವನಿಗೆ ಮನೆಯ ದಾರಿ ತೋರಿಸಿದರು. ಆಗ ಕಾರ್ಮಿಕರು ಮಗ್ಗವನ್ನು ಬೈಯಲಿಲ್ಲ. ಉಳಿದ ನಿಮಿಷದ ಲೆಕ್ಕ ಕೇಳಿದರು. ಸಿಗ್ನಲ್ ದೀಪದ ವಿಷಯದಲ್ಲಿಯೂ ನಾವು ಕೇಳುವುದು ಆ ಲೆಕ್ಕವನ್ನೇ. ಚೌಕದಲ್ಲಿ ಒಂದು ಗಂಟೆಗೆ ಇರುವುದು 3,600 ಸೆಕೆಂಡು. ಯಾವ ಯಂತ್ರವೂ ಅದನ್ನು 3,601 ಮಾಡಲಾರದು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಂದ ಕಿತ್ತೇ ಕೊಡಬೇಕು. ಹಾಗಿರುವಾಗ ಈ ಹಂಚಿಕೆಯ ತಕ್ಕಡಿ ಯಾವುದು?

ತಕ್ಕಡಿ ಕಾರು. ನಮ್ಮ ದೇಶದ ರಸ್ತೆ ಎಂಜಿನಿಯರುಗಳು ವಾಹನಗಳನ್ನು ಎಣಿಸುವುದೇ ಕಾರನ್ನು ಒಂದು ಎಂದು ಇಟ್ಟುಕೊಂಡು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಾರು 1, ಸೈಕಲ್ಲು 0.4ರಿಂದ 0.5, ಸ್ಕೂಟರು, ಮೋಟಾರ್‌ಬೈಕು 0.5ರಿಂದ 0.75, ಕೈಗಾಡಿ 2ರಿಂದ 3, ಬಸ್ಸು 2.2ರಿಂದ 3.7. ಇದು ರಸ್ತೆಯಲ್ಲಿ ಹಿಡಿಯುವ ಜಾಗದ, ತಡೆಯುವ ಓಟದ ಲೆಕ್ಕ. ಜಾಗದ ಲೆಕ್ಕವಾಗಿ ಇದರಲ್ಲಿ ತಪ್ಪಿಲ್ಲ. ಆದರೆ ಹೊತ್ತು ಹಂಚುವಾಗಲೂ ಇದೇ ಕಣ್ಣಿನಿಂದ ನೋಡಿದರೆ ಏನಾಯಿತು? ಬಸ್ಸಿನೊಳಗೆ ಅರವತ್ತು ಜನ ಬೆವರುತ್ತ ನಿಂತಿದ್ದಾರೆ. ಅವರೆಲ್ಲ ಸೇರಿ ಮೂರೂ ಮುಕ್ಕಾಲು ಕಾರಿಗೆ ಸಮ! ನಗರದ ಬೆಳಗಿನ ಹೊತ್ತಿನಲ್ಲಿ ನಾಲ್ಕು ಕಾರುಗಳಲ್ಲಿ ಎಷ್ಟು ಜನ ಇರುತ್ತಾರೆಂದು ಯಾರು ಬೇಕಾದರೂ ಕಿಟಕಿಯಲ್ಲಿ ಇಣುಕಿ ಎಣಿಸಲಿ. ಐವರೋ ಆರು ಮಂದಿಯೋ. ಹೊಸ ಕ್ಯಾಮೆರಾ ಈ ಪಟ್ಟಿಯನ್ನೇ ಮುಂದಿಟ್ಟುಕೊಂಡು ಕೂತಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಸಾಲಿನ ಉದ್ದವನ್ನು ಅಳೆದು ಹಸಿರು ಕೊಡುವ ಯಾವ ಯಂತ್ರವೂ ತಗಡನ್ನು ಅಳೆಯುತ್ತದೆಯೇ ಹೊರತು ತಗಡಿನೊಳಗಿನ ಮನುಷ್ಯರನ್ನು ಎಣಿಸುವುದಿಲ್ಲ. ಹೆಚ್ಚು ತಗಡು ತಂದವನಿಗೆ ಹೆಚ್ಚು ಹಸಿರು. ಜಮೀನ್ದಾರಿ ಪದ್ಧತಿಯಲ್ಲಿ ಹೆಚ್ಚು ಭೂಮಿ ಇದ್ದವನಿಗೇ ಹೆಚ್ಚು ನೀರು ಬಿಡುತ್ತಿದ್ದ ಹಾಗೆ.

ನಡೆದು ಹೋಗುವವನ ಪಾಡೇನು? ಅವನಿಗೆ ಆ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಸೈಕಲ್ಲಿಗಾದರೂ ಅರ್ಧ ಕಾರಿನ ಮರ್ಯಾದೆ ಉಂಟು; ಕಾಲಿಗೆ ಸೊನ್ನೆ. ನಾವು ಓದಿದ ಪ್ರಕಟಣೆಗಳಲ್ಲೆಲ್ಲ ವಾಹನದ ಸಾಲು, ವಾಹನದ ವೇಗ, ವಾಹನ ಕಾಯುವ ಹೊತ್ತು, ಇಷ್ಟೇ ಮಾತು. ದಾಟಲು ನಿಂತವನು ಎಷ್ಟು ಹೊತ್ತು ಕಾಯುತ್ತಾನೆ, ಅದು ಎಷ್ಟು ಕಡಿಮೆಯಾಯಿತು ಎಂದು ಬೆನ್ನು ತಟ್ಟಿಕೊಂಡವರನ್ನು ನಾವು ಕಾಣೆವು.

ಒಂದು ಸಣ್ಣ ಲೆಕ್ಕ ಮಾಡೋಣ. ಎಂಬತ್ತು ಅಡಿಯ ರಸ್ತೆ. ಎಂಜಿನಿಯರುಗಳ ಪುಸ್ತಕದ ಪ್ರಕಾರ ಮನುಷ್ಯ ಸೆಕೆಂಡಿಗೆ ಸುಮಾರು ನಾಲ್ಕು ಅಡಿ ನಡೆಯುತ್ತಾನೆ. ಆದ್ದರಿಂದ ಇಪ್ಪತ್ತು ಸೆಕೆಂಡು ಸಾಕು. ಪುಸ್ತಕದ ಮನುಷ್ಯ ಇಪ್ಪತ್ತೈದರ ಪ್ರಾಯದವನು, ಬರಿಗೈಯವನು, ಹೊಟ್ಟೆ ತುಂಬಿದವನು. ಅಮೆರಿಕದವರೇ 2009ರಲ್ಲಿ ಈ ನಾಲ್ಕು ಅಡಿಯನ್ನು ಮೂರೂವರೆಗೆ ಇಳಿಸಿಕೊಂಡರು. ಮುದುಕರು ಅಷ್ಟು ಬೇಗ ನಡೆಯಲಾರರು ಎಂದು ಅವರಿಗೂ ಹೊಳೆಯಿತು. ನಮ್ಮಲ್ಲಿ ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಇರುವ ತಾಯಿ ಸೆಕೆಂಡಿಗೆ ಎರಡೂವರೆ ಅಡಿ ನಡೆದರೆ ಹೆಚ್ಚು. ಅವಳಿಗೆ ಮೂವತ್ತೆರಡು ಸೆಕೆಂಡು ಬೇಕು. ಇಪ್ಪತ್ತಕ್ಕೆ ದೀಪ ಆರಿದರೆ ಅವಳು ಆಗಿನ್ನೂ ಐವತ್ತು ಅಡಿಯಲ್ಲಿ ಇರುತ್ತಾಳೆ. ಮಿಕ್ಕ ಮೂವತ್ತು ಅಡಿಯನ್ನು ಹಾರ್ನಿನ ನಡುವೆ, ಬೈಗುಳದ ನಡುವೆ ದಾಟಬೇಕು. ಅಥವಾ ದಾಟಲಾರದೆ ಹೋಗಬೇಕು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರದ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಸತ್ತ ಮೇಲೆ ಎಣಿಕೆಗೆ ಸಿಕ್ಕರು. ಬದುಕಿದ್ದಾಗ ಚೌಕದಲ್ಲಿ ಅವರನ್ನು ಎಣಿಸುವವರಿರಲಿಲ್ಲ.

ಯಂತ್ರಕ್ಕೆ ಮನುಷ್ಯ ಕಾಣುವುದು ಕಷ್ಟ ಎಂದು ಯಾರಾದರೂ ಹೇಳಿಯಾರು. ಸುಳ್ಳು. ಇದೇ ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ 50 ಚೌಕಗಳಲ್ಲಿ ಬೇರೆ ಕ್ಯಾಮೆರಾಗಳನ್ನು ಉದ್ಘಾಟಿಸಿದರು. ಅವು ಹೆಲ್ಮೆಟ್ ಇಲ್ಲದ ತಲೆಯನ್ನು ಕಂಡುಹಿಡಿದು ಮನೆಗೆ ದಂಡದ ಚೀಟಿ ಕಳಿಸುತ್ತವೆ. ಎರಡೇ ತಿಂಗಳಿಗೆ, 2023ರ ಫೆಬ್ರವರಿಯಲ್ಲಿ, ಹಳೆಯ ದಂಡಗಳಿಗೆ ಅರ್ಧ ರಿಯಾಯಿತಿ ಸಾರಿದಾಗ ನಗರದಲ್ಲಿ ನೂರು ಕೋಟಿಗೆ ಮಿಕ್ಕಿ ಹಣ ಕೂಡಿತು. ದಂಡ ಹಾಕಬೇಕಾದಾಗ ಒಂದು ಬೋಳುತಲೆಯನ್ನು ಗುರುತಿಸುವ ಕಣ್ಣಿಗೆ, ರಸ್ತೆಯಂಚಿನಲ್ಲಿ ದಾಟಲು ನಿಂತ ಐವತ್ತು ತಲೆಗಳು ಕಾಣುವುದಿಲ್ಲವೆ? ಕಾಣುತ್ತವೆ ಸ್ವಾಮೀ. ನೋಡು ಎಂದು ಹೇಳಿದವರಿಲ್ಲ, ಅಷ್ಟೆ.

ವಾಹನ ಬೇಗ ಹೋದರೆ ಬಸ್ಸೂ ಬೇಗ ಹೋಗುತ್ತದಲ್ಲ, ಎಲ್ಲರಿಗೂ ಲಾಭವಲ್ಲವೆ ಎಂಬುದು ಇನ್ನೊಂದು ವಾದ. ಇದರಲ್ಲಿ ಸ್ವಲ್ಪ ಹುರುಳಿದೆ ಎಂದು ಒಪ್ಪುತ್ತೇವೆ. ಆದರೆ ರಸ್ತೆ ಸಲೀಸಾಯಿತೆಂದು ತಿಳಿದ ಕೂಡಲೆ ಮನೆಯಲ್ಲಿ ನಿಂತಿದ್ದ ಕಾರೂ ಹೊರಬೀಳುತ್ತದೆ, ಆರು ತಿಂಗಳಲ್ಲಿ ಸಾಲು ಮತ್ತೆ ಹಿಂದಿನಷ್ಟೇ ಬೆಳೆಯುತ್ತದೆ; ಮೇಲುಸೇತುವೆ ಕಟ್ಟಿದ ಊರುಗಳೆಲ್ಲ ಇದನ್ನು ಕಂಡಿವೆ. ಬಸ್ಸಿಗೆ ನಿಜವಾಗಿ ಉಪಕಾರ ಮಾಡಬೇಕೆಂದಿದ್ದರೆ ಬಸ್ಸು ಚೌಕಕ್ಕೆ ಬರುವುದನ್ನು ದೀಪ ಮುಂಚೆಯೇ ತಿಳಿದು ಅದಕ್ಕೆ ಹಸಿರು ಹಿಡಿಯಬೇಕು. ಇದು ಆಕಾಶದ ಹೂವಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್ ಎಂಬ ಊರಿದೆ. ಬ್ಯಾಂಕುಗಳ ಊರು, ಬಡವರ ಊರೇನಲ್ಲ. ಅಲ್ಲಿಯ ಮತದಾರರು 1973ರಲ್ಲಿ ನೆಲದಡಿಯ ರೈಲಿನ ದುಬಾರಿ ಯೋಜನೆಯನ್ನು ತಿರಸ್ಕರಿಸಿದರು. 1977ರಲ್ಲಿ ನೆಲದ ಮೇಲಿನ ಟ್ರಾಮು, ಬಸ್ಸುಗಳನ್ನೇ ಚುರುಕು ಮಾಡಿ ಎಂದು ಮತ ಹಾಕಿದರು. ಅಂದಿನಿಂದ ಅಲ್ಲಿ ಟ್ರಾಮು ಬಂದರೆ ಕಾರು ಕಾಯುತ್ತದೆ, ಕೋಟ್ಯಧೀಶನ ಕಾರಾದರೂ ಕಾಯುತ್ತದೆ. ನಮ್ಮಲ್ಲಿ ಬಿ.ಎಂ.ಟಿ.ಸಿ. ಬಸ್ಸುಗಳು ಎಲ್ಲಿವೆ ಎಂದು ತಿಳಿಯುವ ವ್ಯವಸ್ಥೆ 2016ರಲ್ಲಿಯೇ ಬಂದಿದೆ. ಬಸ್ಸಿಗೆ ಗೊತ್ತು, ದೀಪಕ್ಕೆ ಗೊತ್ತಿಲ್ಲ. ಎರಡು ಇಲಾಖೆಗಳ ನಡುವೆ ಒಂದು ತಂತಿ ಎಳೆಯಬೇಕಷ್ಟೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲದ ಪ್ರಯಾಣ ಬಂದ ಮೇಲೆ ಆ ಬಸ್ಸುಗಳು ದುಡಿಯುವ ಹೆಂಗಸರಿಂದ ತುಂಬಿವೆ. ಅವರ ಟಿಕೆಟ್ಟಿನ ಹಣ ಉಳಿಸಿದ ಸರ್ಕಾರ ಅವರ ಹೊತ್ತನ್ನು ಉಳಿಸಲಾರದೆ? ಹೊರವರ್ತುಲ ರಸ್ತೆಯಲ್ಲಿ 2019ರ ಅಕ್ಟೋಬರಿನಲ್ಲಿ ಬಸ್ಸಿಗೇ ಎಂದು ಒಂದು ಓಣಿ ಬಿಟ್ಟಿದ್ದರು. ಮೆಟ್ರೋ ಕಾಮಗಾರಿಯ ಹೊತ್ತಿಗೆ ಅದೂ ಮಾಯವಾಯಿತು.

ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಪ್ರಪಂಚದ ಮೊದಲ ಸಿಗ್ನಲ್ ದೀಪ ಉರಿದದ್ದು 1868ರ ಡಿಸೆಂಬರಿನಲ್ಲಿ, ಲಂಡನ್ನಿನ ಪಾರ್ಲಿಮೆಂಟಿನ ಎದುರು, ಉರಿಸಿದ್ದು ಗ್ಯಾಸಿನಿಂದ. ಆಗ ಕಾರು ಇನ್ನೂ ಹುಟ್ಟಿರಲಿಲ್ಲ. ಕುದುರೆಗಾಡಿಗಳ ನಡುವೆ ನಡೆದು ದಾಟುವವರ ಜೀವ ಉಳಿಸಲು ಒಬ್ಬ ರೈಲ್ವೆ ಎಂಜಿನಿಯರು ಅದನ್ನು ನಿಲ್ಲಿಸಿದ. (ದಾಟುವವರಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಇದ್ದರು, ಕೆಲಸ ಬೇಗ ಆದದ್ದಕ್ಕೆ ಅದೂ ಒಂದು ಕಾರಣವಿದ್ದೀತು.) ಮರುವರ್ಷದ ಜನವರಿಯಲ್ಲಿ ಗ್ಯಾಸು ಸಿಡಿದು ಪೊಲೀಸನೊಬ್ಬ ಗಾಯಗೊಂಡ, ದೀಪ ಹೋಯಿತು. ಮತ್ತೆ ಬಂದದ್ದು ಕಾರಿನ ಕಾಲಕ್ಕೆ, ಕಾರಿನ ಸೇವಕನಾಗಿ. ನಡೆಯುವವನ ದೀಪವನ್ನು ಕಾರಿನವನು ಒತ್ತುವರಿ ಮಾಡಿದ ಎಂದರೆ ನಮ್ಮ ರೈತರಿಗೂ ಅರ್ಥವಾದೀತು.

ನಮ್ಮ ಬೇಡಿಕೆ ದೊಡ್ಡದಲ್ಲ. ಬುದ್ಧಿ ಬಂದ ಪ್ರತಿಯೊಂದು ದೀಪದಲ್ಲಿಯೂ ನಡೆಯುವವರಿಗೆ ತಪ್ಪದೆ ಒಂದು ಸರದಿ ಇರಬೇಕು. ವಾಹನದ ಸಾಲು ಎಷ್ಟೇ ಬೆಳೆದಿದ್ದರೂ ಆ ಸರದಿಯನ್ನು ನುಂಗುವ ಅಧಿಕಾರ ಯಂತ್ರಕ್ಕಿರಬಾರದು. ಸರದಿಯ ಸೆಕೆಂಡನ್ನು ಪುಸ್ತಕದ ಯುವಕನ ನಡಿಗೆಯಿಂದ ಲೆಕ್ಕ ಹಾಕದೆ, ಗಂಟು ಹೊತ್ತವಳ ನಡಿಗೆಯಿಂದ ಹಾಕಬೇಕು. ತುಂಬಿದ ಬಸ್ಸಿಗೆ ತುಂಬಿದ ಬಸ್ಸಿನ ಬೆಲೆ ಕೊಡಬೇಕು. ಚೌಕದ ವಿಸ್ತರಣೆ ಎಂದು ಹೇಳಿ ಕಂಬದ ಬುಡದ ಬಾಳೆಹಣ್ಣಿನವಳನ್ನು ಎಬ್ಬಿಸಬಾರದು. 2014ರ ಬೀದಿಬದಿ ವ್ಯಾಪಾರಿಗಳ ಕಾನೂನು ಸತ್ತಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಕಾಲುದಾರಿಯು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನದೇ ಭಾಗ ಎಂದಿತು. ಕಾಲುದಾರಿ ಮುಗಿದು ರಸ್ತೆ ಶುರುವಾಗುವ ಕಡೆ ಆ ಹಕ್ಕು ನಿಂತುಬಿಡುತ್ತದೆಯೆ?

ದಾವಣಗೆರೆಯವರಾದ ನಮಗೆ ಇದರಲ್ಲಿ ಅನುಭವವಿದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂದಾಗ ಪಟಾಕಿ ಹೊಡೆದವರುಂಟು. 2025ರ ಮಾರ್ಚಿಗೆ ಆ ಯೋಜನೆ ಮುಗಿಯಿತು. ಪಿ.ಬಿ. ರಸ್ತೆಯನ್ನು ಒಬ್ಬ ಮುದುಕಿ ದಾಟುವುದಕ್ಕೆ ಎಷ್ಟು ಸೆಕೆಂಡು ಕೊಡೋಣ ಎಂದು ಆ ಒಂಬತ್ತು ವರ್ಷದಲ್ಲಿ ಯಾರೂ ನಮ್ಮ ಬಾಗಿಲಿಗೆ ಬಂದು ಕೇಳಲಿಲ್ಲ. ಇನ್ನು ಮುಂದೆ ಕೇಳುವವರೆಗೆ ಕಾಯುವುದು ಬೇಡ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಬೆಂಗಳೂರಿನ ಯಾವ ಯಾವ ಚೌಕದಲ್ಲಿ ನಡೆಯುವವರಿಗೆ ಎಷ್ಟು ಸೆಕೆಂಡು ಇಟ್ಟಿದ್ದಾರೆಂದು ಕೇಳಿ ನಾವು ಅರ್ಜಿ ಹಾಕುತ್ತಿದ್ದೇವೆ; ಉತ್ತರ ಬಂದರೆ ಅಚ್ಚು ಹಾಕುತ್ತೇವೆ, ಬಾರದಿದ್ದರೆ ಬರಲಿಲ್ಲವೆಂದು ಅಚ್ಚು ಹಾಕುತ್ತೇವೆ. ಅಷ್ಟರಲ್ಲಿ ಸರಕಿಗೆಂದು ಚಿಕ್ಕಪೇಟೆಗೆ ಹೋಗುವ ವ್ಯಾಪಾರಿ ಮಿತ್ರರೂ, ರಜೆ ಮುಗಿಸಿ ಕೆಲಸಕ್ಕೆ ಹಿಂದಿರುಗುವ ಗಾರ್ಮೆಂಟ್ಸಿನ ತಂಗಿಯರೂ ಒಂದು ಉಪಕಾರ ಮಾಡಬೇಕು. ದಾಟುವ ಮುನ್ನ ಎಷ್ಟು ಹೊತ್ತು ಕಾದಿರಿ, ಹಸಿರು ಮನುಷ್ಯನ ದೀಪ ಎಷ್ಟು ಸೆಕೆಂಡು ಉರಿಯಿತು, ಅಷ್ಟರಲ್ಲಿ ದಾಟಿ ಮುಗಿಯಿತೋ ಇಲ್ಲವೋ, ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಚೌಕದ ಹೆಸರು, ಹೊತ್ತು, ಸೆಕೆಂಡು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಹಾಕಿದರೆ ಸಾಕು. ಗಾಂಧಿ ಸರ್ಕಲ್ಲಿನ ಲೆಕ್ಕವನ್ನು ಈ ವಾರ ನಾವೇ ಹೋಗಿ ತೆಗೆಯುತ್ತೇವೆ.