ಸಮುದ್ರಕ್ಕೆ ಬೀಗ ಹಾಕಿಸಿದವರು ಯಾರು?

ಗಿರಣಿಯ ಬಾಗಿಲಿಗೆ ಬೀಗ ಬಿದ್ದುದನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಬೆಳಗಿನ ಪಾಳಿಗೆ ಹೋದವರು ಗೇಟಿಗೆ ಅಂಟಿಸಿದ ನೋಟೀಸು ಓದಿ, ಬುತ್ತಿ ಬಿಚ್ಚದೆಯೇ ಮನೆಗೆ ಮರಳುತ್ತಾರೆ. ವಾರ ಕಳೆಯುವುದರೊಳಗೆ ಗೇಟಿನೆದುರಿನ ಚಹದಂಗಡಿಯವನು, ತಿಂಗಳು ಕಳೆಯುವುದರೊಳಗೆ ಉದ್ರಿ ಕೊಟ್ಟ ಕಿರಾಣಿಯವನು ತಲೆಯ ಮೇಲೆ ಕೈ ಹೊತ್ತು ಕೂಡುತ್ತಾರೆ. ಇದು ನಮಗೆ ಹೊಸದಲ್ಲ. ಆದರೆ ಸಮುದ್ರಕ್ಕೇ ಬೀಗ ಹಾಕಿದ ಸಂಗತಿಯನ್ನು ಕೇಳಿದವರು ಕಡಿಮೆ. 1992ನೆಯ ಇಸವಿ ಜುಲೈ 2ರಂದು ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಇದು ನಡೆಯಿತು. ಇನ್ನು ಕಾಡ್ ಮೀನು ಹಿಡಿಯಕೂಡದೆಂದು ಸರಕಾರ ಸಾರಿತು. ಸುಮಾರು 30 ಸಾವಿರ ಜನ ಒಂದೇ ಏಟಿಗೆ ನಿರುದ್ಯೋಗಿಗಳಾದರು. ದೋಣಿಯವರಷ್ಟೇ ಅಲ್ಲ, ದಡದ ಕಾರಖಾನೆಗಳಲ್ಲಿ ಮೀನು ಕೊಯ್ದು ಹಸನು ಮಾಡುತ್ತಿದ್ದ ಹೆಂಗಸರು ಗಂಡಸರೂ ಬೀದಿಗೆ ಬಿದ್ದರು.

ಕಾಡ್ ಎಂದರೆ ನಮಗೆ ತೀರ ಅಪರಿಚಿತವಾದ ಮೀನಲ್ಲ. ಬಡಕಲು ಮಕ್ಕಳಿಗೆ ಮೂಗು ಹಿಡಿದು ಕುಡಿಸುತ್ತಿದ್ದ ಮೀನೆಣ್ಣೆ ಈ ಮೀನಿನ ಪಿತ್ತಜನಕಾಂಗದಿಂದ ತೆಗೆದದ್ದು. ನ್ಯೂಫೌಂಡ್‌ಲ್ಯಾಂಡ್ ಬಂಡೆಗಲ್ಲಿನ ದ್ವೀಪ, ಬೇಸಾಯಕ್ಕೆ ಒಲಿಯದ ನೆಲ. ಅಲ್ಲಿಯ ಜನರಿಗೆ ಸಮುದ್ರವೇ ಹೊಲ. 1497ರಲ್ಲಿ ಜಾನ್ ಕ್ಯಾಬಟ್ ಆ ಕಡೆಗೆ ಹೋಗಿ ಬಂದಾಗ, ಅಲ್ಲಿ ಬುಟ್ಟಿಯನ್ನು ಇಳಿಬಿಟ್ಟರೂ ಮೀನು ಸಿಕ್ಕುತ್ತದೆ ಎಂಬ ಸುದ್ದಿ ಹಬ್ಬಿತೆಂದು ಆ ಕಾಲದ ಒಂದು ಪತ್ರದಿಂದ ತಿಳಿಯುತ್ತದೆ. ಮುಂದೆ ಸುಮಾರು ಐದು ನೂರು ವರ್ಷ ಯೂರೋಪು ಈ ಮೀನನ್ನು ಉಪ್ಪು ಹಾಕಿ ಒಣಗಿಸಿ ತಿಂದಿತು. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗುಲಾಮರ ತಟ್ಟೆಗೆ ಬೀಳುತ್ತಿದ್ದುದು ಇದೇ ಉಪ್ಪುಮೀನಿನ ಕೀಳು ದರ್ಜೆಯ ಮಾಲು. ಇಷ್ಟೆಲ್ಲ ಆದರೂ ಮೀನು ಮುಗಿಯಲಿಲ್ಲ. 1883ರಲ್ಲಿ ಲಂಡನ್ನಿನ ಮೀನುಗಾರಿಕೆ ಪ್ರದರ್ಶನದಲ್ಲಿ ಪ್ರಖ್ಯಾತ ವಿಜ್ಞಾನಿ ಥಾಮಸ್ ಹಕ್ಸ್‌ಲಿಯವರು, ಕಾಡ್‌ನಂಥ ಸಮುದ್ರದ ದೊಡ್ಡ ಮೀನುಗಾರಿಕೆಗಳು ಬರಿದಾಗುವಂಥವಲ್ಲ ಎಂದು ಸಾರಿದರು. ಗಾಳ ಮತ್ತು ಹಾಯಿದೋಣಿಗಳ ಕಾಲಕ್ಕೆ ಆ ಮಾತು ಸಲ್ಲುತ್ತಿತ್ತೇನೋ.

ಕಾಲ ಬದಲಾದದ್ದು 1954ರಲ್ಲಿ. ಆ ವರ್ಷ ಬ್ರಿಟನ್ನಿನ ಫೇರ್‌ಟ್ರೈ ಎಂಬ ಹಡಗು ನೀರಿಗಿಳಿಯಿತು. ಅದನ್ನು ಹಡಗೆನ್ನುವುದಕ್ಕಿಂತ ತೇಲುವ ಕಾರಖಾನೆ ಎನ್ನುವುದೇ ಸರಿ. 280 ಅಡಿ ಉದ್ದ; ಹಿಂಭಾಗದಲ್ಲಿ ಇಳಿಜಾರು ಬಾಯಿ; ಸಮುದ್ರದ ತಳ ಗುಡಿಸಿದ ಬಲೆ ಆ ಬಾಯಿಂದ ಮೇಲೇರುತ್ತದೆ. ಕೊಯ್ಯುವ ಯಂತ್ರ, ಮಂಜುಗಟ್ಟಿಸುವ ಯಂತ್ರ, ಉಳಿದ ತಲೆ ಮೂಳೆಗಳನ್ನು ಹಿಟ್ಟು ಮಾಡುವ ಯಂತ್ರ, ಎಲ್ಲವೂ ಹಡಗಿನೊಳಗೇ. ಹಗಲು ರಾತ್ರಿ ಪಾಳಿಯ ಮೇಲೆ ಕೆಲಸ. ಬಿರುಗಾಳಿಗೂ ಬಿಡುವಿಲ್ಲ. ದಡದ ಮೀನುಗಾರ ಮೀನು ತನ್ನ ಬಳಿಗೆ ಬರಲೆಂದು ಬೇಸಗೆಯವರೆಗೆ ಕಾಯುತ್ತಿದ್ದ. ಈ ಹಡಗು ಮೀನು ಮರಿ ಮಾಡಲು ಗುಂಪುಗೂಡುವ ಆಳಕ್ಕೇ ಚಳಿಗಾಲದಲ್ಲಿ ಬಲೆ ಬಿಟ್ಟಿತು. ಹತ್ತು ಹದಿನೈದು ವರ್ಷಗಳಲ್ಲಿ ಇಂಥ ಹಡಗುಗಳು ನೂರಾರಾದವು. ಉತ್ತರದ ಕಾಡ್ ಎಂದು ಕರೆಯುವ ಆ ಮೀನಿನ ಹಿಡಿತ 1968ರಲ್ಲಿ 8 ಲಕ್ಷ ಟನ್ನು ಮೀರಿತು. ಹತ್ತು ವರ್ಷಗಳಲ್ಲಿ ಅದು 2 ಲಕ್ಷ ಟನ್ನಿಗಿಂತ ಕೆಳಗಿಳಿಯಿತು. 1647ರಿಂದ 1750ರವರೆಗೆ ನೂರು ವರ್ಷ ಗಾಳ ಹಾಕಿ ಹಿಡಿದಷ್ಟು ಮೀನನ್ನು, ಅಂದರೆ ಸುಮಾರು 80 ಲಕ್ಷ ಟನ್ನನ್ನು, ಈ ಹಡಗುಗಳು 15 ವರ್ಷದಲ್ಲಿ ಬಾಚಿದವೆಂದು ತಜ್ಞರ ಅಂದಾಜು.

ಇಲ್ಲಿ ಒಂದು ಮಾತನ್ನು ನಾವು ಮುಚ್ಚಿಡಬಾರದು. ಆ ಹಡಗುಗಳಲ್ಲಿ ಬ್ರಿಟನ್, ಸ್ಪೇನ್, ಪೋರ್ಚುಗಲ್, ಪಶ್ಚಿಮ ಜರ್ಮನಿಗಳ ಬಾವುಟ ಹೊತ್ತವು ಇದ್ದಂತೆ ಸೋವಿಯತ್ ರಷ್ಯ, ಪೋಲೆಂಡ್, ಪೂರ್ವ ಜರ್ಮನಿಗಳವೂ ಇದ್ದವು. ರಷ್ಯವಂತೂ ಫೇರ್‌ಟ್ರೈನ ಮಾದರಿಯನ್ನೇ ನಕಲು ಮಾಡಿ ಹಡಗುಗಳನ್ನು ಕಟ್ಟಿಸಿತು. ಯೋಜನೆಯ ಗುರಿ ಮುಟ್ಟಬೇಕೆಂದು ಬಾಚಿದರೂ, ಲಾಭದ ಗುರಿ ಮುಟ್ಟಬೇಕೆಂದು ಬಾಚಿದರೂ ಬಲೆಯ ಕಣ್ಣು ಒಂದೇ. ಪರರ ದಡದ ಬಡವನ ಅನ್ನವನ್ನು ಕೇಳದೆ ಒಯ್ದುದನ್ನು ಸಮಾಜವಾದವೆಂದು ಕರೆಯಲು ನಾವು ಸಿದ್ಧರಿಲ್ಲ.

1977ರಲ್ಲಿ ಕೆನಡಾ ತನ್ನ ದಡದಿಂದ 200 ಮೈಲಿಯವರೆಗಿನ ಸಮುದ್ರವನ್ನು ತನ್ನದೆಂದು ಘೋಷಿಸಿ, ಪರಕೀಯ ಹಡಗುಗಳಲ್ಲಿ ಬಹುಪಾಲನ್ನು ಹೊರಗಟ್ಟಿತು. ದಡದ ಜನ ಹಿಗ್ಗಿದರು. ಆದರೆ ಪರದೇಶದ ಧನಿ ಹೋದ ಜಾಗಕ್ಕೆ ಸ್ವದೇಶದ ಧನಿ ಬಂದು ಕುಳಿತ. ಅದೇ ಬಗೆಯ ದೊಡ್ಡ ಹಡಗು, ಅದೇ ಚಳಿಗಾಲದ ಬಲೆ. ಮೀನು ಕಂಪೆನಿಗಳು ಸಾಲದಲ್ಲಿ ಮುಳುಗಿದಾಗ ಸರಕಾರ ಬೊಕ್ಕಸದ ಹಣ ಸುರಿದು ಅವನ್ನು ಉಳಿಸಿತು. ಏತನ್ಮಧ್ಯೆ ದಡದ ಮೀನುಗಾರರು ಮೀನು ಕಡಿಮೆಯಾಗುತ್ತಿದೆ, ಸಿಕ್ಕ ಮೀನೂ ಸಣ್ಣದಾಗುತ್ತಿದೆ ಎಂದು 1980ರ ದಶಕದುದ್ದಕ್ಕೂ ಕೂಗಿಕೊಂಡರು. ಅವರ ಕೂಗಿಗೆ ಬೆಲೆ ಬರಲಿಲ್ಲ. ಕಾರಣವಿಷ್ಟೆ: ಸರಕಾರದ ತಜ್ಞರು ಲೆಕ್ಕಕ್ಕೆ ಹೆಚ್ಚಾಗಿ ನೆಚ್ಚಿಕೊಂಡದ್ದು ದೊಡ್ಡ ಹಡಗುಗಳ ಹಿಡಿತವನ್ನು. ಮೀನು ಕಡಿಮೆಯಾದಂತೆ ಉಳಿದವು ಒಂದೆಡೆ ಗುಂಪುಗೂಡುತ್ತವೆ. ಶಬ್ದದ ಅಲೆಯಿಂದ ನೀರೊಳಗಿನದನ್ನು ಪತ್ತೆ ಹಚ್ಚುವ ಯಂತ್ರವಿರುವ ಹಡಗು ನೇರವಾಗಿ ಆ ಗುಂಪಿಗೇ ಹೋಗುತ್ತದೆ. ಬಲೆ ತುಂಬುತ್ತಲೇ ಇರುತ್ತದೆ. ಕಣಜದ ತಳದ ಕಾಳನ್ನು ಗೋರುತ್ತಿರುವಾಗ ಮೊರ ತುಂಬಿದೆ ಎಂದು ಸಂತೋಷಪಟ್ಟಂತೆ. ಕಡೆಗೆ ತಜ್ಞರಿಗೂ ತಪ್ಪು ಹೊಳೆಯಿತು. 1989ಕ್ಕೆ 1 ಲಕ್ಷ 25 ಸಾವಿರ ಟನ್ನು ದಾಟಬಾರದೆಂದು ಲೆಕ್ಕ ಹೇಳಿದಾಗ, ಮಂತ್ರಿಗಳು 2 ಲಕ್ಷ 35 ಸಾವಿರ ಟನ್ನಿಗೆ ಅಪ್ಪಣೆ ಕೊಟ್ಟರು. ಕಾರಖಾನೆಗಳು ಮುಚ್ಚುತ್ತವೆ, ಕೆಲಸ ಹೋಗುತ್ತದೆ ಎಂಬುದು ಅವರ ನೆಪ. ದುಡಿಯುವವನ ಹೆಸರು ಹೇಳಿ ದುಡಿಯುವವನ ಕುತ್ತಿಗೆ ಕೊಯ್ಯುವ ಈ ಪದ್ಧತಿ ನಮ್ಮ ದೇಶಕ್ಕೂ ಅಪರಿಚಿತವಲ್ಲ.

ಮೂರು ವರ್ಷದಲ್ಲಿ ಎಲ್ಲವೂ ಮುಗಿಯಿತು. ಬೀಗ ಹಾಕುವ ಹಿಂದಿನ ದಿನ ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಬೇ ಬುಲ್ಸ್ ಎಂಬ ಹಳ್ಳಿಗೆ ಹೋದಾಗ ಸಿಟ್ಟಿಗೆದ್ದ ಜನ ಅವರನ್ನು ಸುತ್ತುಗಟ್ಟಿದರು. ನೀರಿನಿಂದ ಮೀನು ತೆಗೆದವನು ನಾನಲ್ಲ ಎಂದು ಮಂತ್ರಿಗಳು ಸಿಡಿದರು. ಮರುದಿನ ಹೋಟೆಲಿನಲ್ಲಿ ಪತ್ರಿಕೆಯವರ ಮುಂದೆ ಅವರು ಹೇಳಿಕೆ ಓದುತ್ತಿದ್ದಾಗ ಹೊರಗುಳಿದ ಮೀನುಗಾರರು ಬಾಗಿಲು ಮುರಿಯಲು ನೋಡಿದರು. ಮೊದಲು ಗೊತ್ತುಪಡಿಸಿದ ಪರಿಹಾರ ವಾರಕ್ಕೆ 225 ಡಾಲರು. ಜನ ಉಗಿದ ಮೇಲೆ ಅದನ್ನು ಏರಿಸಿದರು. ಎರಡೇ ವರ್ಷದ ಮಾತು ಎಂದಿದ್ದ ಬೀಗ ತೆಗೆಯಲು 32 ವರ್ಷ ಹಿಡಿಯಿತು. 1991ರಲ್ಲಿ 5 ಲಕ್ಷ 68 ಸಾವಿರವಿದ್ದ ಆ ಪ್ರಾಂತದ ಜನಸಂಖ್ಯೆ 2001ರಲ್ಲಿ 5 ಲಕ್ಷ 13 ಸಾವಿರಕ್ಕೆ ಇಳಿಯಿತು. ಹೋದವರು ಎಳೆಯರು. ಉಳಿದವರಿಗೆ ಸಾಮಾನು ಮಾರಿ ಅಂಗಡಿಯವನು ಎಷ್ಟು ದಿನ ಬದುಕಿಯಾನು? 2024ರ ಜೂನಿನಲ್ಲಿ 18 ಸಾವಿರ ಟನ್ನಿಗೆ ಅನುಮತಿ ಕೊಟ್ಟು ಬಾಗಿಲು ತೆರೆದಾಗಲೂ ದೊಡ್ಡ ಹಡಗುಗಳಿಗೆ ಒಂದು ಪಾಲು ಇಟ್ಟೇ ಇಟ್ಟರು. ಮೀನುಗಾರರ ಸಂಘ ಅದನ್ನು ಪ್ರತಿಭಟಿಸಿತು.

ನಮ್ಮ ವ್ಯಾಪಾರಸ್ಥರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದಲ್ಲಿರುವ ಮೀನು ಅಸಲು, ವರ್ಷವರ್ಷ ಹುಟ್ಟಿ ಬೆಳೆಯುವುದು ಬಡ್ಡಿ. ಬಡ್ಡಿ ತಿಂದು ಬಾಳಿದರೆ ಮೊಮ್ಮಕ್ಕಳಿಗೂ ಉಂಟು. ಸಣ್ಣ ದೋಣಿಯವನು ಬಡ್ಡಿ ತಿಂದ. ಸಾಲದ ಕಂತು ಕಟ್ಟಲೇಬೇಕಾದ ದೊಡ್ಡ ಹಡಗು ಅಸಲಿಗೇ ಕೈ ಹಾಕಿತು. ನೀರು ತಂಪಾದದ್ದೂ ಅಲ್ಲಿಯ ಮೀನಿಗೆ ಕಷ್ಟ ತಂದಿರಬಹುದೆಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಯೂರೋಪಿನ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲೂ ಕಾಡ್ ಮೀನು ಸೊರಗಿತ್ತು. ಅಲ್ಲಿ ನಾರ್ವೆ ಮತ್ತು ರಷ್ಯಗಳು ಕಹಿ ಮದ್ದು ಕುಡಿದು ಹಿಡಿತವನ್ನು ಬಿಗಿಯಾಗಿ ಕಡಿತ ಮಾಡಿದವು. ಮೀನು ಮರಳಿತು, 2013ರಲ್ಲಿ 10 ಲಕ್ಷ ಟನ್ನು ಹಿಡಿಯಲು ಅನುಮತಿ ಕೊಡುವಷ್ಟು ಮರಳಿತು. ಈಚಿನ ವರ್ಷಗಳಲ್ಲಿ ಮತ್ತೆ ಇಳಿಮುಖವಾದಾಗ ಅನುಮತಿಯನ್ನೂ ಇಳಿಸಿದ್ದಾರೆ.

ಇದು ಒಂದು ದ್ವೀಪದ ಗೋಳಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಸಂಯುಕ್ತ ರಾಷ್ಟ್ರಗಳ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 1974ರಲ್ಲಿ ಪ್ರಪಂಚದ ಸಮುದ್ರಗಳ ಮೀನು ಸಂಪತ್ತಿನಲ್ಲಿ ನೂರಕ್ಕೆ 10 ಪಾಲು ಮಾತ್ರ ಅತಿಯಾದ ಹಿಡಿತಕ್ಕೆ ಸಿಕ್ಕಿತ್ತು. ಅದೇ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಅದು ನೂರಕ್ಕೆ 35.5. ಹಡಗು ಹೆಚ್ಚಿದವು, ಯಂತ್ರ ಹೆಚ್ಚಿದವು, ಆದರೆ ಸಮುದ್ರದ ಒಟ್ಟು ಹಿಡಿತ 1980ರ ದಶಕದ ಕೊನೆಯಿಂದ ವರ್ಷಕ್ಕೆ ಸುಮಾರು 8 ಕೋಟಿ ಟನ್ನಿನ ಆಸುಪಾಸಿನಲ್ಲೇ ನಿಂತಿದೆ. ಹಾಗಾದರೆ ನಷ್ಟದಲ್ಲೂ ಹಡಗು ಹೊರಡುವುದು ಹೇಗೆ? ಸರಕಾರಗಳ ದುಡ್ಡಿನಿಂದ. 2018ರಲ್ಲಿ ಪ್ರಪಂಚದ ಸರಕಾರಗಳು ಮೀನುಗಾರಿಕೆಗೆ ಕೊಟ್ಟ ಸಹಾಯಧನ ಸುಮಾರು 3,540 ಕೋಟಿ ಡಾಲರು. ಅದರಲ್ಲಿ 2,220 ಕೋಟಿ ಡಾಲರು ಅಗ್ಗದ ಇಂಧನ, ಹೊಸ ಹಡಗು ಮುಂತಾಗಿ ಹಿಡಿತವನ್ನು ಹೆಚ್ಚಿಸುವ ಬಾಬಿಗೆ ಹೋಯಿತೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಇದನ್ನು ತಡೆಯಲು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ 20 ವರ್ಷ ಚರ್ಚೆ ನಡೆದು 2022ರಲ್ಲಿ ಒಂದು ಒಪ್ಪಂದವಾಯಿತು, 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಹಿಡಿತದ ಬಲವನ್ನೇ ಹೆಚ್ಚಿಸುವ ದೊಡ್ಡ ಸಹಾಯಧನಗಳ ಪ್ರಶ್ನೆಯನ್ನು ಮಾತ್ರ ಮುಂದಿನ ಮಾತುಕತೆಗೆ ಬಿಟ್ಟಿದ್ದಾರೆ. ಅತ್ತ ಪಶ್ಚಿಮ ಆಫ್ರಿಕದ ಸೆನೆಗಲ್, ಮಾರಿಟಾನಿಯ, ಗ್ಯಾಂಬಿಯಗಳಲ್ಲಿ ಬಡವರ ಅನ್ನಕ್ಕೆ ನೆಂಚಿಕೆಯಾಗಿದ್ದ ಬೂತಾಯಿ ಜಾತಿಯ ಮೀನನ್ನು ಕಾರಖಾನೆಗಳು ಹಿಟ್ಟು ಮಾಡಿ, ಶ್ರೀಮಂತ ದೇಶಗಳ ಊಟಕ್ಕಾಗಿ ಸಾಕುವ ಮೀನಿನ ಮೇವಿಗೆ ಕಳಿಸುತ್ತಿವೆ. ಮೀನು ಒಣಗಿಸಿ ಮಾರುತ್ತಿದ್ದ ಅಲ್ಲಿಯ ಹೆಂಗಸರಿಗೆ ಬಂದರಿನಲ್ಲಿ ಮಾಲು ಸಿಗುವುದೇ ಕಷ್ಟವಾಗಿದೆ.

ನಮ್ಮ ಕರಾವಳಿಯತ್ತ ತಿರುಗೋಣ. ಮಂಗಳೂರಿನಿಂದ ಕಾರವಾರದವರೆಗೆ ಒಂದು ಕಾಲಕ್ಕೆ ರಂಪಣಿ ಬಲೆಯ ರಾಜ್ಯವಿತ್ತು. ಅದು ಒಬ್ಬನ ಸೊತ್ತಲ್ಲ. ಹತ್ತಾರು ಮನೆಯವರು ಬಲೆಯ ತುಂಡುಗಳನ್ನು ಜೋಡಿಸಿ, ದಡದಲ್ಲಿ ಸಾಲಾಗಿ ನಿಂತು ಎಳೆದು, ಬಂದ ಬಂಗುಡೆ ಬೂತಾಯಿಗಳನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಸಾಲ ಸೌಲಭ್ಯದ ಬೆಂಬಲದೊಡನೆ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮುನ್ನವೇ ನಡುನೀರಿನಲ್ಲಿ ಅದನ್ನು ಸುತ್ತುವರಿದವು. ರಂಪಣಿಯವರು ಬೀದಿಗಿಳಿದು ಹೋರಾಡಿದರು, ಸೋತರು. ಕೆಲವೇ ವರ್ಷಗಳಲ್ಲಿ ಬಲೆಗಳು ಮೂಲೆ ಸೇರಿದವು. ಇಂದು ಅಲ್ಲಲ್ಲಿ ಕೈರಂಪಣಿ ಮಾತ್ರ ಉಳಿದಿದೆ. ಈಗ ಪರ್ಸೀನಿನವನೂ ಸುಖವಾಗಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ಬಿದ್ದಿದ್ದ ಬೂತಾಯಿ 2021ರಲ್ಲಿ 3 ಸಾವಿರ ಚಿಲ್ಲರೆ ಟನ್ನಿಗೆ ಇಳಿದಿತ್ತು. ನೀರಿನ ಬಿಸುಪು ಏರಿದ್ದೂ ಇದಕ್ಕೆ ಕಾರಣವೆಂದು ತಜ್ಞರೆನ್ನುತ್ತಾರೆ. ಇರಲಿ, ಬರಗಾಲದ ವರ್ಷ ಬೀಜದ ಕಾಳನ್ನೂ ಬೀಸಿ ತಿನ್ನುವುದು ಯಾವ ಜಾಣತನ? ಬುಲ್ ಟ್ರಾಲಿಂಗನ್ನೂ ದೀಪ ಹಚ್ಚಿ ಮೀನು ಸೆಳೆಯುವ ಲೈಟ್ ಫಿಶಿಂಗನ್ನೂ ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಅವು ನಿಲ್ಲಲಿಲ್ಲವೆಂದು ನಾಡದೋಣಿಯವರು ಆಮೇಲೂ ಬೀದಿಗಿಳಿದು ಕೂಗಿದ್ದಾರೆ. ಬೆರಳುದ್ದದ ಮರಿಮೀನು ಮಂಗಳೂರು, ಮಲ್ಪೆ ಕಡೆಯ ಮೀನುಹಿಟ್ಟಿನ ಕಾರಖಾನೆಗಳಿಗೆ ಲಾರಿಗಟ್ಟಲೆ ಹೋಗುತ್ತದೆ.

ಸಂತೆಯಲ್ಲಿ ಒಣಮೀನು ಮಾರುವವಳಿಗೂ, ಮಾಂಸ ಕೊಳ್ಳಲಾಗದೆ ಆ ಚೂರಿನಿಂದಲೇ ರೊಟ್ಟಿಗೆ ರುಚಿ ಕಾಣುವ ಕೂಲಿಯವನಿಗೂ ಈ ಲಾರಿಗಳಿಗೂ ಸಂಬಂಧವಿದೆ. ಬೋಟಿನಲ್ಲಿ ದುಡಿಯುವವನನ್ನು ನಾವು ದೂರುವುದಿಲ್ಲ. ಅವನು ಒಡಿಶಾದಿಂದಲೋ ಆಂಧ್ರದಿಂದಲೋ ಹೊಟ್ಟೆಪಾಡಿಗೆ ಬಂದವನು. ಬೋಟಿನ ಯಜಮಾನನೇ ಅನೇಕ ಸಲ ಬ್ಯಾಂಕಿಗೆ, ದಲ್ಲಾಳಿಗೆ ಅಡವಾಗಿರುತ್ತಾನೆ. ನಾವು ಕೇಳುವುದು ಸರಕಾರವನ್ನು. ತೆರಿಗೆಯಿಲ್ಲದ ಡೀಸೆಲಿನಲ್ಲಿ ನಾಡದೋಣಿಗೆ ಸಿಕ್ಕುವ ಪಾಲೆಷ್ಟು, ದೊಡ್ಡ ಬೋಟಿಗೆ ಹೋಗುವ ಪಾಲೆಷ್ಟು ಎಂಬ ಲೆಕ್ಕವನ್ನು ಬಂದರು ಬಂದರಿಗೂ ಬೋರ್ಡಿನ ಮೇಲೆ ಬರೆದು ಹಾಕಲಿ. ಮರಿಮೀನನ್ನು ಹಿಟ್ಟು ಮಾಡುವ ಕಾರಖಾನೆಯ ಪರವಾನಗಿಯನ್ನು ರದ್ದು ಮಾಡಲಿ. ದಂಡವನ್ನು ತಂದವನಿಗೆ ಮಾತ್ರವಲ್ಲ, ಕೊಂಡವನಿಗೂ ಹಾಕಲಿ. ದಡದಿಂದ ಇಷ್ಟು ದೂರ ನಾಡದೋಣಿಗೆ ಮೀಸಲು ಎಂದು ಗೆರೆ ಎಳೆದ ಮೇಲೆ ಆ ಗೆರೆಯನ್ನು ಕಾಯಲು ಜನರನ್ನೂ ದೋಣಿಯನ್ನೂ ಕೊಡಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ದಡದಲ್ಲಿ ನಿಲ್ಲುತ್ತವೆ. ಮೀನು ಮರಿ ಮಾಡಲು ಅದು ಬೇಕು, ಇನ್ನೂ ಹೆಚ್ಚಾದರೂ ನಾವು ಒಪ್ಪುತ್ತೇವೆ. ಆದರೆ ಆ 61 ದಿನ ಬೋಟಿನ ಕೂಲಿಯವನ ಮನೆಯ ಒಲೆ ಹೇಗೆ ಉರಿಯಬೇಕೆಂಬುದಕ್ಕೆ, ಬೋಟುಗಳು ದಡ ಸೇರುವ ಮುನ್ನವೇ ಮೀನುಗಾರಿಕೆ ಮಂತ್ರಿಗಳು ಉತ್ತರ ಕೊಡಬೇಕು.