ಸಹಿಗೊಂದು ದರ, ಕೈಗೊಂದು ದರ

ಕಳೆದ ವರ್ಷ ಸಿಂದಗಿಯಲ್ಲಿ ನಮ್ಮ ಮನೆ ಕಟ್ಟುವಾಗ ಗೋಡೆ ಎತ್ತಿದವರು ನನ್ನ ತಂದೆಯೇ. ಮೂವತ್ತು ವರ್ಷದಿಂದ ಅವರು ಗೌಂಡಿ. ವೈರಿಂಗ್ ಮಾಡಿದ್ದು ದೊಡ್ಡಪ್ಪನ ಮಗ. ಆರು ವರ್ಷದಿಂದ ಅಣ್ಣನಿಗೆ ಅದೇ ಕೆಲಸ. ಎಲ್ಲ ಮುಗಿದರೂ ಮೀಟರ್ ಬರಲಿಲ್ಲ. ಹೆಸ್ಕಾಂ ಸಂಪರ್ಕ ಸಿಗಬೇಕಾದರೆ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ವರದಿ ಬೇಕು. ಒಬ್ಬರು ಬಂದರು, ಒಂದು ಬೋರ್ಡನ್ನೂ ಬಿಚ್ಚಿ ನೋಡದೆ ಸಹಿ ಹಾಕಿ ಹೋದರು. ಆ ಸಹಿಗೆ ಕೊಟ್ಟ ಹಣ ಅಣ್ಣನ ಮೂರು ದಿನದ ಕೂಲಿಗೆ ಸಮ.

ಒಂದೇ ಮನೆಯ ಕೆಲಸದಲ್ಲಿ ಇಷ್ಟು ವ್ಯತ್ಯಾಸ ಏಕೆ? ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ, ಪೂರೈಕೆ ಓದುವಾಗ ನನಗೆ ಉತ್ತರ ಹೊಳೆಯಿತು. ಲೈಸೆನ್ಸ್ ಎಂದರೆ ಒಂದು ಬಾಗಿಲು. ಒಳಗೆ ಬರುವವರು ಕಡಿಮೆಯಾದಷ್ಟೂ ಒಳಗಿದ್ದವರ ದರ ಏರುತ್ತದೆ. ವಕೀಲರಿಗೆ 1961ರ ಕಾಯ್ದೆ, ಫಾರ್ಮಸಿಸ್ಟ್‌ಗಳಿಗೆ 1948ರ ಕಾಯ್ದೆ ಇಂಥ ಬಾಗಿಲುಗಳು. ಗೌಂಡಿ, ಬಡಗಿ, ಬಣ್ಣ ಬಳಿಯುವವರಿಗೆ ಬಾಗಿಲೇ ಇಲ್ಲ. ಬೆಳಗ್ಗೆ ಸರ್ಕಲ್‌ನಲ್ಲಿ ನಿಂತವರಲ್ಲಿ ಯಾರು ಕಡಿಮೆಗೆ ಒಪ್ಪುತ್ತಾರೋ ಅವರಿಗೆ ಆ ದಿನದ ಕೆಲಸ.

ಹಾಗೆಂದು ಲೈಸೆನ್ಸ್ ಬೇಡ ಎನ್ನುವವಳು ನಾನಲ್ಲ. ತಪ್ಪು ವೈರು, ತಪ್ಪು ಮಾತ್ರೆ ಜೀವ ತೆಗೆಯುತ್ತವೆ. ಆದರೆ ಕೆಲಸ ಒಬ್ಬರದು, ಸಹಿ ಇನ್ನೊಬ್ಬರದು ಆದಾಗ ಸುರಕ್ಷತೆ ಹೋಗಿ ಬರೀ ಶುಲ್ಕ ಉಳಿಯುತ್ತದೆ. ನಾಳೆ ಗೌಂಡಿಗಳಿಗೂ ಲೈಸೆನ್ಸ್ ಕಡ್ಡಾಯವಾದರೆ ಓದಲು ಬಾರದ ನನ್ನ ತಂದೆಯಂಥವರೇ ಮೊದಲು ಹೊರಗುಳಿಯುತ್ತಾರೆ. ಅವರಿಗೆ ಬೇಕಾದದ್ದು ಕೈಕೆಲಸ ನೋಡಿ, ಕನ್ನಡದಲ್ಲೇ ಪರೀಕ್ಷಿಸಿ ಕೊಡುವ ಪ್ರಮಾಣಪತ್ರ. ಊರಲ್ಲಿ ಅವರ ಕೈಗುಣ ಎಲ್ಲರಿಗೂ ಗೊತ್ತು. ಗೋವಾಕ್ಕೋ ಪುಣೆಗೋ ದುಡಿಯಲು ಹೋದಾಗ ಮಾತ್ರ ಅವರು ಹೊಸಬರು.

ಲೈಸೆನ್ಸ್ ಇಲ್ಲದವರಿಗೆ ಇನ್ನೊಂದು ದಾರಿಯೂ ಇದೆ, ಅದು ಸಂಘಟನೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆಯನ್ನು ಮುಖ್ಯಮಂತ್ರಿಯಿಂದ ಪಡೆದರು. ಒಬ್ಬೊಬ್ಬರೇ ಕೇಳಿದ್ದರೆ ಯಾರು ಕಿವಿಗೊಡುತ್ತಿದ್ದರು? ಆದರೆ ಸಂಘವೂ ಇದ್ದವರಿಗಷ್ಟೇ ಆಗಿ ಹೊಸಬರನ್ನು ದೂರವಿಟ್ಟರೆ ಅದೂ ಇನ್ನೊಂದು ಬಾಗಿಲೇ.

ನನ್ನ ತಂದೆಯ ಬಳಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆ. 18ರಿಂದ 60 ವರ್ಷದವರು ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅದು ಸಿಗುತ್ತದೆ. ಕಷ್ಟಕಾಲಕ್ಕೆ ಆ ಕಾರ್ಡ್ ಆಸರೆ, ನಿಜ. ಆದರೆ ದಿನದ ಕೂಲಿಯನ್ನು ಅದು ಒಂದು ರೂಪಾಯಿಯೂ ಏರಿಸುವುದಿಲ್ಲ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕೇಳುತ್ತ ಬೆಳೆದವರು ನಾವು. ಎಷ್ಟು ಕೊಡಬೇಕು ಎಂಬುದನ್ನು ಮಾತ್ರ ಸರ್ಕಲ್‌ನಲ್ಲಿ ನಿಂತವನ ಹಸಿವಿಗೆ ಬಿಟ್ಟಿದ್ದೇವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಬರುವ ನಮ್ಮಲ್ಲಿ ಅನೇಕರ ಫೀ ಇಂಥ ಕೈಗಳಿಂದಲೇ ಬಂದದ್ದು. ತಿಂಗಳಿಗೊಂದು ಭಾನುವಾರ ನಾವು ಕೆಲವರು ಕಾಲೇಜಿನಲ್ಲಿ ಕುಳಿತು ಕಾರ್ಮಿಕರ ಅರ್ಜಿ ತುಂಬಿಕೊಡೋಣ, ಯಾವ ಕೆಲಸಕ್ಕೆ ಯಾವ ಪರೀಕ್ಷೆ ಇದೆ ಎಂದು ತಿಳಿಸೋಣ. ಅಧ್ಯಾಪಕರು ಅನುಮತಿ ಕೊಡಬೇಕೆಂದು ವಿನಂತಿ.

ನಾನು ಮನೆಯಿಂದಲೇ ಶುರು ಮಾಡಿದ್ದೇನೆ. ಅಣ್ಣ ವೈರ್‌ಮನ್ ಪರ್ಮಿಟ್‌ಗೆ ಓದುತ್ತಿದ್ದಾನೆ, ರಾತ್ರಿ ಪ್ರಶ್ನೆ ಕೇಳುವವಳು ನಾನು. ಪರ್ಮಿಟ್ ಬಂದರೂ ಸಹಿಯ ಹಕ್ಕು ಬರುವುದಿಲ್ಲ, ಅದಕ್ಕೆ ಗುತ್ತಿಗೆದಾರರ ಲೈಸೆನ್ಸ್ ಬೇಕು. ಅದೂ ಒಂದು ದಿನ ಬಂದೀತು. ಆಗ ಅವನ ಕೈಕೆಳಗೆ ವೈರು ಎಳೆಯುವ ಹುಡುಗನಿಗೆ ಎಷ್ಟು ಕೊಡುತ್ತೀ ಎಂದು ಕೇಳುವವಳೂ ನಾನೇ.